ಏರ್‌ಬಿಎನ್‌ಬಿಯ ತಿಂಗಳ ಬುಕಿಂಗ್: ನಂದಿ ಬೆಟ್ಟದ ಸುತ್ತಿನ ಮನೆಗಳಿಗೆ ಎಷ್ಟು ಹೊಂದುತ್ತದೆ?

ಚಿಕ್ಕಬಳ್ಳಾಪುರದ ಸುತ್ತಮುತ್ತ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಯಾವ ಮನೆಯ ಕ್ಯಾಲೆಂಡರ್ ತೆಗೆದರೂ ಚಹರೆ ಹೆಚ್ಚುಕಡಿಮೆ ಒಂದೇ. ಶುಕ್ರವಾರ, ಶನಿವಾರ ರಾತ್ರಿ ಭರ್ತಿ. ಭಾನುವಾರ ಮಧ್ಯಾಹ್ನ ಗೇಟಿಗೆ ಬೀಗ ಬಿದ್ದರೆ ಮತ್ತೆ ತೆರೆಯುವುದು ಶುಕ್ರವಾರವೇ. ನಂದಿ ಬೆಟ್ಟದ ಸೂರ್ಯೋದಯಕ್ಕೋ, ಸ್ಕಂದಗಿರಿ ಹತ್ತಲಿಕ್ಕೋ, ಆವಲಗುರ್ಕಿಯ ಆದಿಯೋಗಿ ನೋಡಲಿಕ್ಕೋ ಬೆಂಗಳೂರಿಂದ ಬರುವವರು ಮಂಗಳವಾರ ಯಾಕೆ ಬರುತ್ತಾರೆ? ಹೀಗಾಗಿ ವಾರದ ನಡುವಿನ ಖಾಲಿ ದಿನಗಳನ್ನು ತುಂಬಿಸಿಕೊಳ್ಳಲು ಬಾಡಿಗೆ ಮನೆಗಳ ಆ್ಯಪ್ ಆದ ಏರ್‌ಬಿಎನ್‌ಬಿಯ ತಿಂಗಳ ಬುಕಿಂಗ್ ಕಡೆಗೆ ಮಾಲೀಕರ ಕಣ್ಣು ಹೋಗುವುದು ಸಹಜ. ವ್ಯವಸ್ಥೆ ಕೆಟ್ಟದ್ದೇನಲ್ಲ. ಆದರೆ ಅದು ಹೊಲಿಸಿದ ಅಂಗಿ ಇಂದಿರಾನಗರದ ಫ್ಲ್ಯಾಟಿನ ಅಳತೆಗೆ. ನಮ್ಮ ಕಡೆಯ ಮನೆಗೆ ತೊಡಿಸುವ ಮುಂಚೆ ತೋಳು ಸ್ವಲ್ಪ ಮಡಚಬೇಕು.

ಮೊದಲು ಅದು ಕೊಡುವುದೇನು ಅನ್ನುವುದು. 28 ರಾತ್ರಿ ಅಥವಾ ಅದಕ್ಕಿಂತ ಹೆಚ್ಚಿನ ಬುಕಿಂಗ್ ಬಂದ ಕೂಡಲೇ ಆ್ಯಪ್ ಅದನ್ನು ಬೇರೆ ಜಾತಿ ಎಂದೇ ನೋಡುತ್ತದೆ. ನೀವು ಇಟ್ಟ ತಿಂಗಳ ರಿಯಾಯಿತಿ ಅನ್ವಯವಾಗುತ್ತದೆ. ವಾರದ ರಿಯಾಯಿತಿ ಇದ್ದರೂ ಎರಡೂ ಕೂಡುವುದಿಲ್ಲ. ಗೆಸ್ಟ್ ಪೂರ್ತಿ ಹಣ ಒಟ್ಟಿಗೆ ಕಟ್ಟುವುದಿಲ್ಲ, ತಿಂಗಳು ತಿಂಗಳಿಗೆ ಕಟ್ಟುತ್ತಾರೆ. ಮಾಲೀಕರಿಗೂ ಹಾಗೆಯೇ: ಮೊದಲ ತಿಂಗಳ ದುಡ್ಡು ಗೆಸ್ಟ್ ಒಳಗೆ ಬಂದು ಸುಮಾರು 24 ಗಂಟೆಯ ನಂತರ ಹೊರಡುತ್ತದೆ, ಉಳಿದದ್ದು ತಿಂಗಳಿಗೊಮ್ಮೆ. ರದ್ದತಿಯ ನಿಯಮವೂ ಬದಲಾಗುತ್ತದೆ. ದೀರ್ಘಾವಧಿಗೆ ಎರಡು ಬಗೆ ಇವೆ, ಫರ್ಮ್ ಮತ್ತು ಸ್ಟ್ರಿಕ್ಟ್. ಫರ್ಮ್ ಆಯ್ಕೆಯಲ್ಲಿ ಬರುವ ದಿನಕ್ಕೆ 30 ದಿನ ಮುಂಚೆ ರದ್ದು ಮಾಡಿದರೆ ಪೂರ್ತಿ ವಾಪಸು. ಆ ಗಡುವು ದಾಟಿದರೆ ಮೊದಲ 30 ರಾತ್ರಿಯ ಹಣ ಮಾಲೀಕರಿಗೆ. ಇದ್ದ ಮೇಲೆ ನಡುವೆ ಎದ್ದು ಹೊರಟರೆ, ಇದ್ದಷ್ಟು ದಿನದ್ದರ ಜೊತೆಗೆ ಮುಂದಿನ 30 ರಾತ್ರಿಯದ್ದೂ ಕಟ್ಟಬೇಕು. ಈ ಭಾಗಕ್ಕೆ ಪೂರ್ತಿ ಅಂಕ. ಬಾಯಿಮಾತಿನ ಬಾಡಿಗೆಯಲ್ಲಿ ಗೆಸ್ಟ್ ಹನ್ನೆರಡನೇ ದಿನ ಬ್ಯಾಗು ಎತ್ತಿಕೊಂಡು ಹೊರಟರೆ ಯಾರನ್ನು ಕೇಳುತ್ತೀರಿ?

ಇನ್ನು ಪೆಟ್ಟು ಬೀಳುವ ಜಾಗ: ರಿಯಾಯಿತಿ. ಲಿಸ್ಟಿಂಗ್‌ನಲ್ಲಿ, ಅಂದರೆ ಆ್ಯಪಿನಲ್ಲಿರುವ ನಿಮ್ಮ ಮನೆಯ ಪುಟದಲ್ಲಿ, ತಿಂಗಳ ರಿಯಾಯಿತಿ ಎಂದು ಶೇಕಡಾವಾರು ತುಂಬಿಸುವ ಒಂದು ಖಾನೆ ಇದೆ. ಬಹಳಷ್ಟು ಮಾಲೀಕರು 'ಹೇಗಿದ್ದರೂ ಖಾಲಿ ಬಿದ್ದಿದೆಯಲ್ಲ' ಎಂದು ಅಲ್ಲಿ ಶೇ. 50 ಬರೆದು ಬಿಡುತ್ತಾರೆ. ಆ ಶೇಕಡಾವಾರು ವಾರದ ನಡುವಿನ ದರಕ್ಕೆ ಮಾತ್ರ ತಗಲುವುದಿಲ್ಲ, ಶುಕ್ರವಾರ-ಶನಿವಾರದ ದರಕ್ಕೂ ತಗಲುತ್ತದೆ. ಅಂದರೆ ಖಾಲಿ ದಿನಗಳನ್ನು ಮಾರುವ ನೆಪದಲ್ಲಿ ಹೇಗಿದ್ದರೂ ಮಾರಾಟವಾಗುವ ರಾತ್ರಿಗಳನ್ನೂ ಅರ್ಧ ಬೆಲೆಗೆ ಕೊಟ್ಟಂತಾಯಿತು.

ಲೆಕ್ಕ ಹಾಕಿಯೇ ನೋಡೋಣ. ಒಂದು ಬೆಡ್‌ರೂಮಿನ ಮನೆ. ವಾರದ ನಡುವೆ ರಾತ್ರಿಗೆ 2,200 ರೂ., ಶುಕ್ರವಾರ-ಶನಿವಾರ 4,000 ರೂ. ಎಂದುಕೊಳ್ಳಿ. 28 ರಾತ್ರಿಯಲ್ಲಿ 8 ವಾರಾಂತ್ಯದವು, 20 ಉಳಿದವು. ಎಲ್ಲವೂ ತುಂಬಿದರೆ 76,000 ರೂ., ಕಾಗದದ ಮೇಲೆ. ನಿಜದಲ್ಲಿ ಮಂದ ತಿಂಗಳೊಂದರಲ್ಲಿ 8ರಲ್ಲಿ 7 ವಾರಾಂತ್ಯದ ರಾತ್ರಿ, 20ರಲ್ಲಿ 5 ಸಾದಾ ರಾತ್ರಿ ಹೋದವು ಅನ್ನಿ: 28,000 ಮತ್ತು 11,000, ಒಟ್ಟು 39,000. ಎಂಟು ಸಲ ಗೆಸ್ಟ್ ಬದಲಾದರೆ ಪ್ರತಿ ಸಲಕ್ಕೆ ಶುಚಿಗೆ 500, ಬಟ್ಟೆ ಒಗೆತಕ್ಕೆ 250, ಹಾಲು-ಕಾಫಿಪುಡಿ-ಸೋಪಿಗೆ 150, ಹೀಗೆ 7,200. ಕರೆಂಟು 1,200. ಕೈಗೆ ಉಳಿಯುವುದು 30,600.

ಅದೇ ತಿಂಗಳನ್ನು ಶೇ. 50 ರಿಯಾಯಿತಿಗೆ ಒಬ್ಬರಿಗೇ ಕೊಟ್ಟರೆ 38,000 ಬರುತ್ತದೆ. ವಾರಕ್ಕೊಮ್ಮೆ ಶುಚಿ 2,000, ಹಾಸಿಗೆ ಬಟ್ಟೆ 1,000, ಹೊರಟ ಮೇಲೆ ಪೂರ್ತಿ ತೊಳೆಯುವ ಕೆಲಸ 2,000, ಕರೆಂಟು 2,500, ಗ್ಯಾಸು-ನೀರು 1,000, ಖರ್ಚು 8,500. ಉಳಿಕೆ 29,500. ಅಂದರೆ ತಿಂಗಳಿಡೀ ಮನೆ ಭರ್ತಿ ಇದ್ದೂ 1,100 ರೂ. ಕಡಿಮೆ! ರಿಯಾಯಿತಿ ಶೇ. 45ಕ್ಕೆ ಇಳಿಸಿ: ಬರುವುದು 41,800, ಉಳಿಯುವುದು 33,300. ಈಗ 2,700 ಲಾಭ. ಇಷ್ಟು ಸಣ್ಣ ಅಂತರದ ಮೇಲೆ ಇಡೀ ವ್ಯವಹಾರ ನಿಂತಿದೆ. ಆ್ಯಪಿನ ಶುಲ್ಕ ಎರಡೂ ಕಡೆ ಅದೇ ಪ್ರಮಾಣದಲ್ಲಿ ಕಡಿತವಾಗುವುದರಿಂದ ಇಲ್ಲಿ ಸೇರಿಸಿಲ್ಲ. ನಿಮ್ಮ ದರ ಬೇರೆ ಇರುತ್ತದೆ. ಕಳೆದ ವರ್ಷದ ಅದೇ ತಿಂಗಳ ಗಳಿಕೆ ಮುಂದಿಟ್ಟುಕೊಂಡು ನಿಮ್ಮದೇ ಅಂಕಿ ತುಂಬಿ.

ಚಳಿಗಾಲದಲ್ಲಿ, ಡಿಸೆಂಬರ್ ರಜೆ, ಶಿವರಾತ್ರಿ ಸಮಯದಲ್ಲಿ ಕಥೆ ತಿರುಗಿಬೀಳುತ್ತದೆ. ಎಂಟೂ ವಾರಾಂತ್ಯದ ರಾತ್ರಿ ಜೊತೆಗೆ ಒಂಬತ್ತು ಸಾದಾ ರಾತ್ರಿ ಹೋದರೆ 51,800. ಹದಿಮೂರು ಸಲ ಗೆಸ್ಟ್ ಬದಲಾದ ಖರ್ಚು 11,700, ಕರೆಂಟು 1,500 ಕಳೆದರೂ 38,600 ಉಳಿಯುತ್ತದೆ. ಅಂಥ ತಿಂಗಳಲ್ಲಿ ಶೇ. 45 ರಿಯಾಯಿತಿಯ ಗೆಸ್ಟ್ ಬಂದರೆ 5,300 ನಷ್ಟ. ಆದ್ದರಿಂದ ಆ ದಿನಗಳ ರಾತ್ರಿ ದರವನ್ನು ಕ್ಯಾಲೆಂಡರಿನಲ್ಲೇ ಮೊದಲೇ ಏರಿಸಿಟ್ಟಿರಬೇಕು. ವರ್ಷ ಪೂರ್ತಿ ಒಂದೇ ದರ ಬಿಟ್ಟರೆ ಡಿಸೆಂಬರನ್ನು ಜೂನ್‌ನಲ್ಲೇ ಯಾರೋ ಅಗ್ಗಕ್ಕೆ ಹೊಡೆದುಕೊಂಡು ಹೋಗುತ್ತಾರೆ.

ಕ್ಲೀನಿಂಗ್ ಫೀ ಬೇರೆಯಾಗಿ ಹಾಕುವವರಿಗೆ ಇನ್ನೊಂದು ಏಟು ಕಾದಿದೆ. ಅದು ಬುಕಿಂಗಿಗೆ ಒಂದೇ ಸಲ. ಎರಡು ರಾತ್ರಿಯವರಿಂದಲೂ ಒಂದು ಸಲ, ಮೂವತ್ತು ರಾತ್ರಿಯವರಿಂದಲೂ ಒಂದು ಸಲ. ನೀವು ಐದು ಸಲ ಗುಡಿಸಿ ಒರೆಸಿರುತ್ತೀರಿ.

ಮುಂದಿನದ್ದು ವಾರದ ಲೆಕ್ಕ. ಇದನ್ನು ಗಮನಿಸುವವರು ಕಡಿಮೆ, ಆದರೆ ಇದರಲ್ಲೇ ದುಡ್ಡಿದೆ. ಗೆಸ್ಟ್ ಶುಕ್ರವಾರ ಬಂದು 30 ರಾತ್ರಿ ಇದ್ದರೆ ವಾಸದ 1, 2, 8, 9, 15, 16, 22, 23, 29, 30ನೇ ರಾತ್ರಿಗಳು ವಾರಾಂತ್ಯದವು. ಹತ್ತು ರಾತ್ರಿ ಹೋಯಿತು. ಅದೇ ಗೆಸ್ಟ್ ಭಾನುವಾರ ಬಂದರೆ 30 ರಾತ್ರಿಯಲ್ಲಿ ಹೋಗುವುದು ಎಂಟೇ. ಅಷ್ಟೇ ಅಲ್ಲ, ಭಾನುವಾರ ಬಂದವರು 33 ರಾತ್ರಿ ಕಳೆದು ಶುಕ್ರವಾರ ಬೆಳಗ್ಗೆ ಹೊರಟರೂ ಎಂಟೇ. ಮೂರು ರಾತ್ರಿ ಹೆಚ್ಚು ಮಾರಿದಂತೆಯೂ ಆಯಿತು, ಐದನೇ ವಾರಾಂತ್ಯ ಕೈಯಲ್ಲೂ ಉಳಿಯಿತು.

ಆದರೆ 'ತಿಂಗಳ ಬುಕಿಂಗ್ ಭಾನುವಾರವೇ ಶುರುವಾಗಲಿ' ಎಂದು ಕಟ್ಟುವುದು ಸಲೀಸಲ್ಲ. ಬರುವ ದಿನವನ್ನೇ ಭಾನುವಾರಕ್ಕೆ ಕಟ್ಟಿಹಾಕಿದರೆ ಶುಕ್ರವಾರ ಬರುವ ಗಿರಾಕಿ ಬಾಗಿಲಿಂದಲೇ ವಾಪಸು. ಹಾಗಾಗಿ ಗರಿಷ್ಠ ರಾತ್ರಿಯನ್ನು 27 ಎಂದು ಇಟ್ಟು, ಅದಕ್ಕಿಂತ ಉದ್ದದ ಬುಕಿಂಗ್‌ಗಳಿಗೆ ಕೋರಿಕೆ ಕಳಿಸಲು ಅವಕಾಶ ಕೊಡುವ ಆಯ್ಕೆಯನ್ನು ಆನ್ ಮಾಡಿ. ಆಗ ಸಣ್ಣ ಬುಕಿಂಗ್‌ಗಳು ಎಂದಿನಂತೆ ತಾವಾಗಿಯೇ ಆಗುತ್ತವೆ. ಉದ್ದದ್ದು ಮಾತ್ರ ನಿಮ್ಮ ಒಪ್ಪಿಗೆಗೆ ಬಂದು ನಿಲ್ಲುತ್ತದೆ. ಉತ್ತರ ಕೊಡಲು 24 ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಚಾಟ್‌ನಲ್ಲೇ ಕೇಳಬೇಕು: ಎಷ್ಟು ಜನ, ಯಾವ ಕೆಲಸದ ಮೇಲೆ, ಅಡುಗೆ ಮಾಡಿಕೊಳ್ಳುತ್ತೀರಾ, ಎರಡು ದಿನ ತಡವಾಗಿ ಭಾನುವಾರ ಬರಲಾದೀತಾ. ಕೆಲಸದ ಮೇಲೆ ಬರುವವರಿಗೆ ಸೋಮವಾರ ಬೆಳಗ್ಗೆ ಡ್ಯೂಟಿ ಇರುವುದರಿಂದ ಹೆಚ್ಚಿನವರು ಒಪ್ಪುತ್ತಾರೆ.

ಹಾಗೆ ಬರುವವರು ಯಾರು? ವಿಮಾನ ನಿಲ್ದಾಣ, ದೇವನಹಳ್ಳಿ ಕಡೆಯ ಕಂಪನಿಗಳಿಗೆ ಹೊಸದಾಗಿ ಸೇರಿ ಮನೆ ಹುಡುಕುತ್ತಿರುವವರು; ಈಶಾ ಯೋಗ ಕೇಂದ್ರದಲ್ಲಿ ಸೇವೆಗೆಂದು ಬರುವವರು; ಮುದ್ದೇನಹಳ್ಳಿಗೆ ಓದು, ಚಿಕಿತ್ಸೆ, ತರಬೇತಿಗೆ ಬರುವವರು ಮತ್ತು ಅವರ ಮನೆಯವರು; ಲ್ಯಾಪ್‌ಟಾಪ್ ಹಿಡಿದು ಬೆಟ್ಟದ ಗಾಳಿಯಲ್ಲಿ ಕೆಲಸ ಮಾಡುತ್ತೇನೆ ಎನ್ನುವವರು. ಕೊನೆಯ ಗುಂಪಿನವರು ಮೊದಲು ಕೇಳುವುದೇ ಇಂಟರ್ನೆಟ್. ಫೈಬರ್ ಇದ್ದರೆ ವೇಗದ ಸ್ಕ್ರೀನ್‌ಶಾಟ್ ಲಿಸ್ಟಿಂಗಿನ ಫೋಟೊಗಳಲ್ಲಿ ಸೇರಿಸಿ. ರೂಟರಿಗೆ ಪ್ರತ್ಯೇಕ ಸಣ್ಣ ಯುಪಿಎಸ್ ಇಡಿ. ಬೆಟ್ಟದ ಬುಡದ ಹಳ್ಳಿಗಳಲ್ಲಿ ಕರೆಂಟು ಹೋದಾಗ ಮೊಬೈಲ್ ಸಿಗ್ನಲ್ಲನ್ನು ನಂಬಿಕೊಂಡವರು ಮೂರನೇ ದಿನವೇ ದೂರು ಬರೆಯುತ್ತಾರೆ.

ಕೋಲಾರದ ಕಡೆ ಇದೆಲ್ಲ ತದ್ವಿರುದ್ಧ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಸುತ್ತಿನ ಮನೆಗಳಿಗೆ ಸೋಮವಾರದಿಂದ ಶುಕ್ರವಾರದವರೆಗೇ ಬೇಡಿಕೆ, ವಾರಾಂತ್ಯ ಖಾಲಿ. ತುಮಕೂರಿನ ವಸಂತನರಸಾಪುರದ ಕಡೆಯೂ ಬಹುಪಾಲು ಹಾಗೆಯೇ. ಅಲ್ಲಿ ತಿಂಗಳ ಗೆಸ್ಟೇ ಮುಖ್ಯ ಗಿರಾಕಿ, ಶೇ. 25-30ಕ್ಕಿಂತ ಹೆಚ್ಚು ಬಿಡುವ ಅಗತ್ಯವೇ ಇಲ್ಲ. ಈ ವ್ಯವಸ್ಥೆಗೆ ಅಲ್ಲಿ ಐದರಲ್ಲಿ ನಾಲ್ಕೂವರೆ ಕೊಡಬಹುದು. ನಂದಿ ಸುತ್ತಿಗೆ ಮೂರು, ತುಂಬ ಉದಾರವಾದರೆ ಮೂರೂವರೆ.

ಮನೆಯೊಳಗೆ ಬರೋಣ. ಎರಡು ರಾತ್ರಿಯ ಗೆಸ್ಟ್ ಮನೆಯನ್ನು ನೋಡುತ್ತಾರೆ, ತಿಂಗಳ ಗೆಸ್ಟ್ ಬಳಸುತ್ತಾರೆ. ಇವೆರಡರ ನಡುವಿನ ವ್ಯತ್ಯಾಸ ಮೊದಲು ಗೊತ್ತಾಗುವುದು ಕರೆಂಟು ಬಿಲ್ಲಿನಲ್ಲಿ. 15 ಲೀಟರಿನ 2,000 ವ್ಯಾಟ್ ಗೀಜರ್ ಒಂದು ತುಂಬು ನೀರು ಕಾಯಿಸಲು ಸುಮಾರು 20 ನಿಮಿಷ, ಮುಕ್ಕಾಲು ಯೂನಿಟ್ಟಿಗೂ ಕಡಿಮೆ. ಅದು ದೊಡ್ಡದಲ್ಲ. ಕೊಲ್ಲುವುದು ರೂಮ್ ಹೀಟರ್. ಡಿಸೆಂಬರ್-ಜನವರಿಯಲ್ಲಿ ಇಲ್ಲಿನ ಚಳಿಗೆ ಒಗ್ಗದವರು 2,000 ವ್ಯಾಟಿನ ಹೀಟರ್ ತಂದು ರಾತ್ರಿ ಆರು ಗಂಟೆ ಕಾಲ ಹಾಕಿಕೊಂಡು ಮಲಗಿದರೆ ದಿನಕ್ಕೆ 12 ಯೂನಿಟ್, 28 ದಿನಕ್ಕೆ 336. ಹಳೆಯ ಮನೆಯಾದರೆ ಮಲಗುವ ಕೋಣೆಯ 6 ಆಂಪಿಯರ್ ಸಾಕೆಟ್ಟಿಗೆ ಕನ್ವರ್ಟರ್ ಪಿನ್ ಸಿಕ್ಕಿಸಿ ಹಾಕುತ್ತಾರೆ. 2,000 ವ್ಯಾಟ್ ಎಂದರೆ ಎಂಟು-ಒಂಬತ್ತು ಆಂಪಿಯರ್, ಸಾಕೆಟ್ ಕರಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡು ದಪ್ಪ ರಜಾಯಿ, ಕೋಣೆಗೊಂದು 16 ಆಂಪಿಯರ್ ಸಾಕೆಟ್, ಆ ಮನೆಗೇ ಒಂದು ಸಬ್ ಮೀಟರ್, ಮೂರೂ ಹಾಕಿಸಿ. ಬಂದ ದಿನದ ರೀಡಿಂಗನ್ನು ಫೋಟೊ ತೆಗೆದು ಆ್ಯಪಿನ ಚಾಟ್‌ನಲ್ಲೇ ಕಳಿಸಿ. ಇಷ್ಟು ಯೂನಿಟ್‌ವರೆಗೆ ಬಾಡಿಗೆಯಲ್ಲೇ ಸೇರಿದೆ ಎನ್ನುವುದು ಬುಕಿಂಗಿಗೆ ಮುಂಚೆ, ಲಿಸ್ಟಿಂಗಿನಲ್ಲೇ ಇರಬೇಕು. ಬಂದ ಮೇಲೆ ಹೇಳಿದ್ದು ಜಗಳಕ್ಕೆ ಮಾತ್ರ ಆಗುತ್ತದೆ. 'ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಫ್ರೀ ಅಲ್ವಾ?' ಎಂದು ಕೇಳುವ ಗೆಸ್ಟ್‌ಗಳೂ ಇದ್ದಾರೆ. ಅದು ಗೃಹಬಳಕೆಗೆ, ಅದೂ ಹಿಂದಿನ ಸರಾಸರಿ ಬಳಕೆಯ ಮೇಲೆ. ವಾಣಿಜ್ಯ ಮೀಟರಿಗೆ ಇಲ್ಲ ಎಂದು ನಗುತ್ತಲೇ ಹೇಳಿ ಮುಗಿಸಬೇಕು.

ನೀರು ಇನ್ನೂ ಸೂಕ್ಷ್ಮ. ಲೆಕ್ಕಕ್ಕೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಇಟ್ಟುಕೊಂಡರೆ ಇಬ್ಬರಿಗೆ 270. ಸಾವಿರ ಲೀಟರಿನ ಟ್ಯಾಂಕ್ ನಾಲ್ಕು ದಿನವೂ ಬಾರದು. ಬೋರ್‌ವೆಲ್ ಮೋಟಾರಿಗೆ ತ್ರೀ ಫೇಸ್ ಬರುವ ಹೊತ್ತು ಗೊತ್ತಿರುವುದು ನಿಮಗೆ, ಗೆಸ್ಟ್‌ಗಲ್ಲ. ಟ್ಯಾಂಕ್ ತುಂಬಿಸುವ ಕೆಲಸ ಅವರ ತಲೆಗೆ ಕಟ್ಟಬೇಡಿ. ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿದರೆ ಒಣ ಮೋಟಾರ್ ಸುಡುವುದೂ ತಪ್ಪುತ್ತದೆ. ಈ ಭಾಗದ ಬೋರ್ ನೀರು ಗಡಸು. ವಾರಾಂತ್ಯದ ಬಳಕೆಯಲ್ಲಿ ವರ್ಷಗಟ್ಟಲೆ ಬಾಳುವ ಗೀಜರ್ ಕಾಯಿಲ್, ದಿನಾ ಉಪಯೋಗಕ್ಕೆ ಬಿದ್ದರೆ ಬಿಳಿ ಪೊರೆ ಕಟ್ಟಿ ಬೇಗ ಕೂರುತ್ತದೆ. ನಲ್ಲಿಯ ತುದಿಯ ಜಾಲರಿ, ಶವರ್ ತಲೆ ಬಿಚ್ಚಿ ರಾತ್ರಿಯಿಡೀ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಹಾಕುವುದನ್ನು ತಿಂಗಳಿಗೊಮ್ಮೆ ಮಾಡಿ. ಕುಡಿಯಲು ಊರಿನ ಶುದ್ಧ ನೀರಿನ ಘಟಕದ ಕಾರ್ಡ್ ಅಥವಾ ನಾಣ್ಯ, ಎರಡು 20 ಲೀಟರ್ ಕ್ಯಾನ್ ಮನೆಯಲ್ಲೇ ಇಟ್ಟಿದ್ದರೆ ಬಾಟಲಿಯ ಕಸವೂ ಕಡಿಮೆ.

ಅಡುಗೆಮನೆಯಲ್ಲಿ ಗ್ಯಾಸ್ ಬಗ್ಗೆ ಒಂದು ಮಾತು: ಮನೆ ಹೆಸರಿನ 14.2 ಕೆ.ಜಿ. ಸಿಲಿಂಡರ್ ವ್ಯಾಪಾರದ ಬಳಕೆಗೆ ಕೊಟ್ಟದ್ದಲ್ಲ. ಇಂಡಕ್ಷನ್ ಒಲೆ ಇಡುವುದು ಎಲ್ಲ ದೃಷ್ಟಿಯಿಂದಲೂ ಸರಿ. ಆದರೆ ಅದರ ಜೊತೆ ತಳ ಹೊಂದುವ ಪಾತ್ರೆಗಳನ್ನೂ ಇಡಬೇಕು. ಬರೀ ಅಲ್ಯೂಮಿನಿಯಂ ಪಾತ್ರೆ ಇಟ್ಟು ಇಂಡಕ್ಷನ್ ಕೊಟ್ಟರೆ ಒಲೆ ಬೀಪ್ ಹೊಡೆದು ಸುಮ್ಮನಾಗುತ್ತದೆ, ಗೆಸ್ಟ್ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾರೆ. ಮೂರು ಲೀಟರಿನ ಕುಕ್ಕರ್ ಒಂದು, ಹೆಚ್ಚುವರಿ ಗ್ಯಾಸ್ಕೆಟ್ ಒಂದು, ಚಪಾತಿ ಮಣೆ-ಲಟ್ಟಣಿಗೆ, ದಪ್ಪ ತಳದ ಬೋಸಿ ಇದ್ದರೆ ಬಹುಪಾಲು ಮುಗಿಯಿತು. ಮುದ್ದೆ ಕೋಲು ಇಡುವುದು ಬಿಡುವುದು ನಿಮ್ಮಿಷ್ಟ; ಇಟ್ಟರೆ ನಮ್ಮ ಕಡೆಯವರು ರಿವ್ಯೂನಲ್ಲಿ ಬರೆಯದೆ ಬಿಡುವುದಿಲ್ಲ.

ವಾರದ ಶುಚಿಯನ್ನು ಉಚಿತ ಎಂದು ಹಾಕಿ, ದಿನ ಮತ್ತು ಹೊತ್ತನ್ನು ಲಿಸ್ಟಿಂಗಿನಲ್ಲೇ ಬರೆಯಿರಿ: ಉದಾಹರಣೆಗೆ ಪ್ರತಿ ಬುಧವಾರ ಬೆಳಗ್ಗೆ ಹತ್ತರಿಂದ ಹನ್ನೊಂದು. ಶುಚಿ ಅದರ ಅರ್ಧ ಉದ್ದೇಶ ಮಾತ್ರ. ಸಿಂಕಿನ ಕೆಳಗಿನ ಬಾಗುಪೈಪಿನಲ್ಲಿ ಎಣ್ಣೆ ಕಟ್ಟಿದೆಯೇ, ಬಚ್ಚಲ ಜಾಲಿಯಲ್ಲಿ ಕೂದಲು ತುಂಬಿದೆಯೇ, ಬೀರುವಿನ ಹಿಂದಿನ ಗೋಡೆ ಮಳೆಗಾಲದಲ್ಲಿ ಹಸಿಯಾಗಿದೆಯೇ, ಇಬ್ಬರೆಂದು ಬಂದ ಕಡೆ ಐದು ಜೊತೆ ಚಪ್ಪಲಿ ಬಿದ್ದಿವೆಯೇ, ಇವೆಲ್ಲ ಕಣ್ಣಿಗೆ ಬೀಳುವುದು ಆಗಲೇ. ಸಣ್ಣ ಸೋರಿಕೆಯನ್ನು ತಿಂಗಳ ಗೆಸ್ಟ್ ತಾವಾಗಿ ಹೇಳುವುದು ಅಪರೂಪ. ಬಕೆಟ್ ಇಟ್ಟು ಹೊಂದಿಕೊಂಡುಬಿಡುತ್ತಾರೆ. ಹೊರಟ ಮೇಲೆ ಸಿಂಕಿನ ಕೆಳಗಿನ ಪ್ಲೈವುಡ್ ಉಬ್ಬಿ ನಿಂತಿರುವುದು ಕಾಣುತ್ತದೆ.

ಕಾಗದಪತ್ರದ ವಿಷಯದಲ್ಲಿ ಆ್ಯಪ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ಭಾವನೆ ಕೆಲವರಲ್ಲಿದೆ. ಇಲ್ಲ. ವಿದೇಶಿ ಗೆಸ್ಟ್ ಬಂದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಆನ್‌ಲೈನ್ ವ್ಯವಸ್ಥೆಯಲ್ಲಿ ಅವರ ವಿವರ ತುಂಬುವ ಹೊಣೆ ಮನೆ ಕೊಟ್ಟವರದ್ದೇ. ಎಲ್ಲರೂ 'ಸಿ ಫಾರ್ಮ್' ಎನ್ನುವುದು ಇದನ್ನೇ. ಪಾಸ್‌ಪೋರ್ಟ್, ವೀಸಾ ಪುಟಗಳ ಫೋಟೊ ಬಾಗಿಲಲ್ಲೇ ತೆಗೆದುಕೊಳ್ಳಿ. ಈಶಾ, ಮುದ್ದೇನಹಳ್ಳಿಗೆ ಹೊರದೇಶದವರು ಬರುತ್ತಲೇ ಇರುವುದರಿಂದ ಈ ಕಡೆ ಇದು ಎಂದೋ ಒಮ್ಮೆ ಬರುವ ಕೆಲಸವಲ್ಲ. ಜಿಎಸ್‌ಟಿಯಲ್ಲಿ ದೀರ್ಘವಾಸಕ್ಕೆ ಒಂದು ಸೌಲಭ್ಯವಿದೆ: 2024ರ ಜುಲೈನಿಂದ, ಒಬ್ಬರಿಗೆ ತಿಂಗಳಿಗೆ 20,000 ರೂ. ಮೀರದ ವಸತಿ, ಸತತ 90 ದಿನಕ್ಕೆ ಕಡಿಮೆಯಿಲ್ಲದೆ ಕೊಟ್ಟರೆ ತೆರಿಗೆ ಇಲ್ಲ. ಒಂದು ತಿಂಗಳಿನ ಗೆಸ್ಟ್ ಇದರಡಿ ಬರುವುದಿಲ್ಲ, ಮೂರು ತಿಂಗಳಿನವರು ಬರಬಹುದು. ನಿಮ್ಮ ನೋಂದಣಿ ಹೇಗಿದೆ ಅನ್ನುವುದರ ಮೇಲೆ ಉಳಿದದ್ದು. ಲೆಕ್ಕಪತ್ರ ನೋಡುವವರನ್ನು ಒಮ್ಮೆ ಕೇಳಿಬಿಡಿ.

ಎರಡನೇ ತಿಂಗಳ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ: 'ಸಾರ್, ಆ್ಯಪ್ ಬಿಡಿ, ಮುಂದಿನ ತಿಂಗಳಿಂದ ನೇರವಾಗಿ ಫೋನ್ ಪೇ ಮಾಡಿಬಿಡ್ತೀನಿ.' ಕಮಿಷನ್ ಉಳಿಯುತ್ತದೆ ಎಂದು ಬಾಯಲ್ಲಿ ನೀರೂರುತ್ತದೆ. ಆ್ಯಪಿನ ನಿಯಮಕ್ಕೆ ವಿರುದ್ಧ ಎನ್ನುವುದು ಒಂದು ಕಡೆಯಾದರೆ, ಆ ಕ್ಷಣದಿಂದ ರದ್ದತಿಯ ರಕ್ಷಣೆಯೂ ಇಲ್ಲ, ಆ್ಯಪ್ ಕೊಡುವ 30 ಲಕ್ಷ ಡಾಲರ್‌ವರೆಗಿನ ಹಾನಿ ರಕ್ಷಣೆಯೂ ಇಲ್ಲ. ಅದಕ್ಕಿಂತ ದೊಡ್ಡದು, ಅವರು ಗೆಸ್ಟ್ ಆಗಿ ಉಳಿಯದೆ ಬಾಡಿಗೆದಾರರಾಗತೊಡಗುತ್ತಾರೆ. ಬರಹದ ಕರಾರಿಲ್ಲದೆ ತಿಂಗಳು ತಿಂಗಳು ಬಾಡಿಗೆ ಪಡೆದರೆ ಅದು ತಿಂಗಳ ಗೇಣಿಯಂತೆ ಆಗುತ್ತದೆ; ಬಿಡಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ 15 ದಿನದ ನೋಟಿಸಿನಿಂದ ಶುರುಮಾಡಬೇಕು. ನೋಟಿಸಿಗೂ ಎದ್ದು ಹೋಗದಿದ್ದರೆ ಕೋರ್ಟು. ವಾಸವನ್ನು ಮುಂದುವರಿಸುವುದಾದರೆ ಆ್ಯಪಿನಲ್ಲೇ ದಿನಾಂಕ ಬದಲಾವಣೆಯ ಕೋರಿಕೆ ಕಳಿಸಿ ವಿಸ್ತರಿಸಿ.

ಆ್ಯಪಿನ ಹೊರಗೆ, ಮೊದಲಿಂದಲೇ ನೇರವಾಗಿ ಬಂದವರಿಗೆ ಕೊಡುವುದಾದರೆ ಇ-ಸ್ಟಾಂಪಿನ ಮೇಲೆ ಕರಾರು ಬೇಕೇ ಬೇಕು. ಅದನ್ನು ಬಾಡಿಗೆ ಕರಾರು ಎನ್ನುವ ಬದಲು ಲೀವ್ ಅಂಡ್ ಲೈಸೆನ್ಸ್ ರೂಪದಲ್ಲಿ ಬರೆಸುವುದು ಮೇಲು. ಲೈಸೆನ್ಸ್ ಎಂದರೆ ಬರೀ ಬಳಕೆಯ ಅನುಮತಿ, ಸ್ವಾಧೀನವಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮು ಹೇಳುವುದೇ ಅದು. ಆದರೆ ಮೇಲೆ 'ಲೈಸೆನ್ಸ್' ಎಂದು ಬರೆಸಿದ ಮಾತ್ರಕ್ಕೆ ಆಗಲಿಲ್ಲ. ನಡವಳಿಕೆಯೂ ಹಾಗೇ ಇದೆಯೇ ಎಂದು ಕೋರ್ಟು ನೋಡುತ್ತದೆ. ಒಂದು ಕೀಲಿ ಮಾಲೀಕರ ಬಳಿ ಇರುವುದು, ವಾರದ ಶುಚಿಗೆ ನಿಮ್ಮವರೇ ಒಳಗೆ ಹೋಗುವುದು, ಪೀಠೋಪಕರಣ-ಹಾಸಿಗೆ ನಿಮ್ಮದೇ ಎಂಬ ಪಟ್ಟಿಗೆ ಸಹಿ, ಇವೆಲ್ಲ ಆಗ ಕೈ ಹಿಡಿಯುತ್ತವೆ. ಬುಧವಾರದ ಶುಚಿ ಇಲ್ಲಿ ಎರಡನೇ ಸಲ ಕೆಲಸಕ್ಕೆ ಬಂತು ನೋಡಿ. ಅವಧಿ 11 ತಿಂಗಳು ಮೀರದಂತೆ ಇಡುತ್ತಾರೆ, ಏಕೆಂದರೆ ಒಂದು ವರ್ಷ ಮೀರಿದ ಗೇಣಿಪತ್ರಕ್ಕೆ ನೋಂದಣಿ ಕಡ್ಡಾಯ.

ಮತ್ತೆ ಆ್ಯಪಿನ ಬುಕಿಂಗಿಗೆ ಬಂದರೆ, ಹಾನಿಯ ಪರಿಹಾರ ಕೇಳುವುದಿದ್ದರೆ ಗೆಸ್ಟ್ ಹೊರಟ 14 ದಿನದೊಳಗೆ ಆ್ಯಪಿನ ರೆಸಲ್ಯೂಷನ್ ಸೆಂಟರಿನಲ್ಲಿ ಹಾಕಬೇಕು. ಸಾದಾ ಸವೆತಕ್ಕೆ ಸಿಗುವುದಿಲ್ಲ, ಮತ್ತು ತಿಂಗಳ ವಾಸದಲ್ಲಿ ಸವೆತ ಯಾವುದು, ಹಾನಿ ಯಾವುದು ಎಂಬ ಗೆರೆ ತೆಳು. ಬೆಡ್‌ಶೀಟ್ ಮಾಸಿದ್ದು ಸವೆತ. ಇಸ್ತ್ರಿಪೆಟ್ಟಿಗೆಯ ಗುರುತು ಹಾನಿ. ಬರುವ ದಿನ ಬೆಳಗ್ಗೆ ಕೋಣೆಗಳ ನಾಲ್ಕೂ ಮೂಲೆ, ಹಾಸಿಗೆಯ ಎರಡೂ ಮಗ್ಗುಲು, ಫ್ರಿಜ್ ಒಳಗೆ, ಇಂಡಕ್ಷನ್ ಗಾಜು, ಟಾಯ್ಲೆಟ್ ಸೀಟು ಎಲ್ಲದರ ವಿಡಿಯೊ ತೆಗೆದಿಟ್ಟಿರದಿದ್ದರೆ ದಾವೆಗೆ ಬಲವಿಲ್ಲ.

ಹೊರಡುವ ದಿನಕ್ಕೆ ಬಂದರೆ, ಮೇಲೆ 33 ರಾತ್ರಿಯ ಲೆಕ್ಕ ಕೊಟ್ಟದ್ದರಲ್ಲಿ ಒಂದನ್ನು ಕಳೆಯಬೇಕು. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ತಿಂಗಳ ಗೆಸ್ಟ್ ಹೊರಟು ಮಧ್ಯಾಹ್ನ ಎರಡಕ್ಕೆ ವಾರಾಂತ್ಯದವರು ಬಂದರೆ ಮೂರು ಗಂಟೆಯಲ್ಲಿ ಆ ಮನೆ ತಯಾರಾಗುವುದಿಲ್ಲ. ಒಲೆ ಹಿಂದಿನ ಟೈಲ್ಸ್‌ನ ಜಿಡ್ಡು, ಫ್ರಿಜ್ಜಿನ ವಾಸನೆ, ಬಿಸಿಲಿಗೆ ಹಾಕಬೇಕಾದ ಹಾಸಿಗೆ, ಪರದೆ, ಗೀಜರ್ ಪರೀಕ್ಷೆ, ಇದಕ್ಕೆ ಇಬ್ಬರಿಗೆ ಒಂದು ಪೂರ್ತಿ ದಿನ ಬೇಕು. ಭಾನುವಾರ ಒಳಗೆ, 32 ರಾತ್ರಿ, ಗುರುವಾರ ಹೊರಗೆ ಎಂದು ಒಪ್ಪಿಸಿ, ಗುರುವಾರದ ರಾತ್ರಿಯನ್ನು ಕ್ಯಾಲೆಂಡರಿನಲ್ಲಿ ನೀವೇ ಬ್ಲಾಕ್ ಮಾಡಿಬಿಡಿ.